ಕಂಡವರ ಮಗು ಮನೆಗೆ ಬರುವ ಮುನ್ನ

ಮೈಸೂರಿನಿಂದ ಹಿರಿಯ ತಾಯಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮಗ, ಸೊಸೆ ಇಂಗ್ಲೆಂಡಿಗೆ ಹೋಗಿ ನೆಲೆಸಿ ಹದಿನೈದು ವರ್ಷವಾಯಿತು. ಒಬ್ಬನೇ ಮೊಮ್ಮಗ, ಹದಿನಾಲ್ಕು ವರ್ಷದವನು. ಈಗ ಮಗ-ಸೊಸೆ ಅಲ್ಲಿ ‘ಫಾಸ್ಟರ್ ಕೇರರ್’ ಆಗಲು ಹೊರಟಿದ್ದಾರೆ. ಅಂದರೆ, ಹೆತ್ತವರ ಬಳಿ ಇರಲಾಗದ ಮಗುವೊಂದನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕುವ ಕೆಲಸ.

“ಕೌನ್ಸಿಲ್ ಮೂಲಕವೇ ಹೋಗೋಣ ಅಂತ ಮಗ. ಏಜೆನ್ಸಿಯವರು ಹೆಚ್ಚು ದುಡ್ಡು ಕೊಡುತ್ತಾರೆ, ಫೋನ್ ಮಾಡಿದರೆ ಚೆನ್ನಾಗಿ ಮಾತಾಡುತ್ತಾರೆ ಅಂತ ಸೊಸೆ. ನನ್ನ ಚಿಂತೆಯೇ ಬೇರೆ. ಯಾರದೋ ಮಗು. ನಾಳೆ ಹೆಚ್ಚುಕಡಿಮೆಯಾದರೆ ಹೊಣೆ ಯಾರು? ನಮ್ಮ ಹುಡುಗನ ಓದಿನ ಗತಿಯೇನು? ನೀವಾದರೂ ಸ್ವಲ್ಪ ಬರೆಯಿರಿ” ಎಂದು ಅವರು ಕೇಳಿದ್ದಾರೆ.

ಅಮ್ಮ, ನಿಮ್ಮ ಮಗ-ಸೊಸೆ ಕೇಳಿಕೊಳ್ಳುತ್ತಿರುವ ಪ್ರಶ್ನೆಗಿಂತ ನಿಮ್ಮ ಪ್ರಶ್ನೆಯೇ ದೊಡ್ಡದು. ಹೊಣೆ ಯಾರು ಎಂಬುದು ತಿಳಿದರೆ, ಯಾರ ಮೂಲಕ ಹೋಗಬೇಕು ಎಂಬುದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ.

ಪರರ ಮಕ್ಕಳಿಗೆ ಅನ್ನ ಹಾಕುವುದು ನಮಗೆ ಹೊಸತಲ್ಲ. ಹಿಂದಿನ ತಲೆಮಾರಿನ ಎಷ್ಟೋ ಜನ ಮೈಸೂರು, ಬೆಂಗಳೂರುಗಳಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅವರು ಹೇಳುತ್ತಿದ್ದ ಕಥೆಗಳಲ್ಲಿ ಎರಡು ಬಗೆ. ಒಂದು ಮನೆಯ ತಾಯಿ ತುಪ್ಪ ಬಡಿಸಿ, ‘ಇನ್ನೊಂದು ತುತ್ತು ತಿನ್ನೋ ಮಗು’ ಎನ್ನುತ್ತಿದ್ದರು. ಇನ್ನೊಂದು ಮನೆಯಲ್ಲಿ ತಣ್ಣಗಾದದ್ದನ್ನು ಬಡಿಸಿ ಮುಖ ತಿರುಗಿಸುತ್ತಿದ್ದರು. ಯಾವ ಮನೆ ಸಿಗುತ್ತದೆ ಎಂಬುದು ಹುಡುಗನ ಅದೃಷ್ಟ. ‘ಹೇಗಿದ್ದೀಯಪ್ಪಾ, ಹೊಟ್ಟೆ ತುಂಬಾ ಊಟ ಹಾಕುತ್ತಾರಾ?’ ಎಂದು ಕೇಳುವ ಮೂರನೆಯವರು ಯಾರೂ ಇರಲಿಲ್ಲ.

ಆ ಮೂರನೆಯವರನ್ನು ಕಾನೂನಿನ ಮೂಲಕ ತಂದು ನಿಲ್ಲಿಸುವ ವ್ಯವಸ್ಥೆಯೇ ಫಾಸ್ಟರ್ ಕೇರ್. ಸಾಕುವ ಸೇವೆಯನ್ನು ಆರಿಸಿಕೊಳ್ಳುವುದೆಂದರೆ, ನಿಮ್ಮ ಬೆನ್ನಿಗೂ ಮಗುವಿನ ಬೆನ್ನಿಗೂ ನಿಲ್ಲುವ ಆ ಮೂರನೆಯವರನ್ನು ಆರಿಸಿಕೊಳ್ಳುವುದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇದು ದತ್ತು ಅಲ್ಲ. ದತ್ತು ಪಡೆದ ಮಗು ಕಾನೂನಿನ ಪ್ರಕಾರ ನಿಮ್ಮದೇ. ಫಾಸ್ಟರ್ ಮಗು ಹಾಗಲ್ಲ. ಅದಕ್ಕೆ ಹೆತ್ತವರಿದ್ದಾರೆ, ಕಾಯಿಲೆ, ವ್ಯಸನ, ಹಿಂಸೆ ಹೀಗೆ ಯಾವುದೋ ಕಾರಣಕ್ಕೆ ಅವರಿಂದ ಸಾಕಲಾಗುತ್ತಿಲ್ಲ. ಮಗು ಒಂದು ರಾತ್ರಿಗೆ ಬರಬಹುದು, ಆರು ತಿಂಗಳಿಗೆ ಬರಬಹುದು, ಹದಿನೆಂಟು ತುಂಬುವವರೆಗೂ ಇರಬಹುದು. ಹೆತ್ತವರ ಮನೆ ಸರಿಹೋದರೆ ಹಿಂದಿರುಗಿ ಹೋಗುತ್ತದೆ. ಹೋಗುವುದೇ ಒಳ್ಳೆಯದೂ ಹೌದು. ಹಾಗಾಗಿ ಸಾಕುವವರಿಗೆ ಪ್ರೀತಿಯಷ್ಟೇ ಬಿಟ್ಟುಕೊಡುವ ಗಟ್ಟಿತನವೂ ಬೇಕು. ಎಷ್ಟೋ ಸಲ ಮಗುವಿನ ಕೂದಲು ಕತ್ತರಿಸಲು, ಶಾಲೆಯ ಪ್ರವಾಸಕ್ಕೆ ಕಳಿಸಲು ಕೂಡ ಯಾರ ಒಪ್ಪಿಗೆ ಬೇಕು ಎಂಬುದು ಮೊದಲೇ ಬರಹದಲ್ಲಿ ತೀರ್ಮಾನವಾಗಿರಬೇಕು.

ಇಂಗ್ಲೆಂಡಿನಲ್ಲಿ ಈ ಸೇವೆಗಳು ಎರಡು ಬಗೆ. ಒಂದು, ಸ್ಥಳೀಯ ಕೌನ್ಸಿಲ್ ತಾನೇ ನಡೆಸುವುದು. ಇನ್ನೊಂದು, ಸ್ವತಂತ್ರ ಏಜೆನ್ಸಿ. ಇವುಗಳಲ್ಲಿ ಧರ್ಮಾರ್ಥ ಸಂಸ್ಥೆಗಳೂ ಇವೆ, ಲಾಭಕ್ಕಾಗಿ ನಡೆಯುವ ಕಂಪನಿಗಳೂ ಇವೆ. ಯಾರ ಮೂಲಕ ಹೋದರೂ ಮಗುವಿನ ಹೊಣೆ ಕೌನ್ಸಿಲ್‌ನದೇ. ಅದು ಸಾಮಾನ್ಯವಾಗಿ ಮೊದಲು ತನ್ನ ಪಟ್ಟಿಯಲ್ಲಿರುವ ಮನೆಗಳನ್ನು ನೋಡುತ್ತದೆ. ಹೊಂದುವ ಮನೆ ಸಿಗದಿದ್ದರೆ ಏಜೆನ್ಸಿಯನ್ನು ಕೇಳುತ್ತದೆ. ಆದ್ದರಿಂದ ಕೌನ್ಸಿಲ್ ಮೂಲಕ ಹೋದರೆ ಹತ್ತಿರದ ಮಗು, ಅದರ ಹಳೆಯ ಶಾಲೆ, ಗೆಳೆಯರು ಸನಿಹದಲ್ಲೇ ಇರುವ ಸಾಧ್ಯತೆ ಹೆಚ್ಚು. ಏಜೆನ್ಸಿಯ ಮೂಲಕ ಹೋದರೆ ಹಲವು ಕೌನ್ಸಿಲ್‌ಗಳಿಂದ, ದೂರದಿಂದಲೂ ಮಕ್ಕಳು ಬರಬಹುದು. ಒಂದು ಸಲಕ್ಕೆ ಒಂದೇ ಸೇವೆಯ ಒಪ್ಪಿಗೆ ಪಡೆಯಬಹುದು. ಇಷ್ಟವಾಗದಿದ್ದರೆ ಮುಂದೆ ಬದಲಾಯಿಸಿಕೊಳ್ಳಲು ದಾರಿಯಿದೆ. ಆದರೆ ನಡುವೆ ಮನೆಯಲ್ಲಿ ಮಗುವಿದ್ದರೆ ಆ ಬದಲಾವಣೆ ಸುಲಭವಲ್ಲ.

ಹಣದ ವಿಷಯ. ಮಗುವಿನ ಖರ್ಚಿಗೆಂದು ವಾರಕ್ಕಿಷ್ಟು ಭತ್ಯೆ ಕೊಡುತ್ತಾರೆ. ಇದಕ್ಕೆ ಅಲ್ಲಿನ ಸರ್ಕಾರ ಮಗುವಿನ ವಯಸ್ಸು ಮತ್ತು ಪ್ರದೇಶಕ್ಕೆ ತಕ್ಕಂತೆ ಕನಿಷ್ಠ ಮೊತ್ತ ಗೊತ್ತುಮಾಡಿದೆ. ಅದರ ಮೇಲೆ ಸಾಕುವವರಿಗೆ ಸಂಭಾವನೆ ಕೊಡುವ ಪದ್ಧತಿ ಸೇವೆಯಿಂದ ಸೇವೆಗೆ ಬೇರೆ. ಏಜೆನ್ಸಿಗಳು ಸಾಮಾನ್ಯವಾಗಿ ಹೆಚ್ಚು ಕೊಡುತ್ತವೆ ಎಂಬ ನಿಮ್ಮ ಸೊಸೆಯ ಮಾತು ಸುಳ್ಳಲ್ಲ. ದುಡ್ಡು ಕೇಳುವುದು ತಪ್ಪೂ ಅಲ್ಲ. ಬರಿಯ ಪ್ರೀತಿಯಿಂದ ಶೂ, ಪುಸ್ತಕ ಬರುವುದಿಲ್ಲ. ಆದರೆ ಮಗುವಿಲ್ಲದ ತಿಂಗಳಲ್ಲಿ ಏನೂ ಸಿಗದೇ ಹೋಗಬಹುದು ಎಂಬುದನ್ನೂ ಕೇಳಿ ತಿಳಿಯಬೇಕು. ಈ ಹಣವನ್ನೇ ನಂಬಿ ಮನೆಯ ಸಾಲದ ಕಂತು ಕಟ್ಟುವವರು ಈ ಕೆಲಸಕ್ಕೆ ಬರದಿರುವುದೇ ಲೇಸು.

ಇನ್ನು ನಿಮ್ಮ ಪ್ರಶ್ನೆ. ‘ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದ ಹಾಗೆ’ ಎಂಬ ಗಾದೆ ನಮ್ಮಲ್ಲಿದೆ. ಇಂಗ್ಲೆಂಡು ಹಾಗೆ ಒಮ್ಮೆ ಆಳ ನೋಡಿತು. ಡೆನಿಸ್ ಓ’ನೀಲ್ ಎಂಬ ಹನ್ನೆರಡು ವರ್ಷದ ಹುಡುಗ ವೇಲ್ಸ್‌ನ ನ್ಯೂಪೋರ್ಟ್ ಕೌನ್ಸಿಲ್‌ನ ಹೊಣೆಯಲ್ಲಿದ್ದವನು. ಅವನನ್ನೂ ಅವನ ತಮ್ಮನನ್ನೂ ಶ್ರಾಪ್‌ಶೈರ್‌ನ ಒಬ್ಬ ರೈತನ ಮನೆಗೆ ಸಾಕಲು ಕೊಟ್ಟರು. ಅರೆಹೊಟ್ಟೆ, ಹೊಡೆತ. 1945ರ ಜನವರಿಯಲ್ಲಿ ಡೆನಿಸ್ ಸತ್ತುಹೋದ. ಸರ್ ವಾಲ್ಟರ್ ಮಾಂಕ್‌ಟನ್ ನಡೆಸಿದ ವಿಚಾರಣೆಯಲ್ಲಿ ಹೊರಬಿದ್ದದ್ದೇನು? ಹುಡುಗನನ್ನು ನೋಡಿಕೊಳ್ಳಬೇಕಾದ ಕಚೇರಿಗಳು ಒಂದಲ್ಲ, ಎರಡು: ನ್ಯೂಪೋರ್ಟಿನದು ಮತ್ತು ಶ್ರಾಪ್‌ಶೈರಿನದು. ಎರಡರ ನಡುವೆ ಹೊಣೆ ಯಾರದೆಂಬುದೇ ಗೊಂದಲವಾಗಿ, ಹೋಗಿ ನೋಡಬೇಕಾದವರು ಸರಿಯಾಗಿ ನೋಡಲಿಲ್ಲ. ಆ ಸಾವು ದೇಶವನ್ನೇ ಕಲಕಿತು. 1946ರಲ್ಲಿ ಕರ್ಟಿಸ್ ಸಮಿತಿಯ ವರದಿ ಬಂತು, 1948ರಲ್ಲಿ ಮಕ್ಕಳ ಕಾಯ್ದೆ ಬಂತು.

ಇಂದಿನ ಕಟ್ಟುನಿಟ್ಟಿನ ಹಿಂದೆ ಇಂಥ ಮಕ್ಕಳ ನೆನಪಿದೆ. ಮಗು ಮನೆಗೆ ಬಂದ ಒಂದು ವಾರದೊಳಗೆ ಅದರ ಸಮಾಜ ಕಾರ್ಯಕರ್ತರು ಬಂದು ನೋಡಬೇಕು. ಮೊದಲ ವರ್ಷ ಆರು ವಾರಕ್ಕೊಮ್ಮೆಯಾದರೂ ಬರಬೇಕು. ಸಾಕುವವರಿಗೆಂದು ಸೇವೆಯ ಕಡೆಯಿಂದ ಇನ್ನೊಬ್ಬ ಕಾರ್ಯಕರ್ತರು ಇರುತ್ತಾರೆ. ವರ್ಷಕ್ಕೊಮ್ಮೆಯಾದರೂ ಹೇಳದೆ ಕೇಳದೆ ಮನೆಗೆ ಬರುತ್ತಾರೆ. ಇದನ್ನು ಅವಮಾನ ಎಂದುಕೊಳ್ಳಬಾರದು. ಬಾಗಿಲು ತಟ್ಟುವವರು ಇದ್ದಾರೆ ಎಂಬುದೇ ಮಗುವಿನ ಧೈರ್ಯ.

ಹೀಗಾಗಿ ಸೇವೆಯವರನ್ನು ಕಾಣಲು ಹೋದಾಗ ನಿಮ್ಮ ಮಗ-ಸೊಸೆ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ. ರಾತ್ರಿ ಎರಡು ಗಂಟೆಗೆ ಮಗು ಮನೆ ಬಿಟ್ಟು ಓಡಿಹೋದರೆ ಯಾರಿಗೆ ಫೋನ್ ಮಾಡಬೇಕು? ಎತ್ತುವವರು ನಮ್ಮನ್ನು ಬಲ್ಲವರೋ, ಅಥವಾ ಬರಿ ದೂರು ಬರೆದುಕೊಳ್ಳುವವರೋ? ನಮ್ಮ ಕಾರ್ಯಕರ್ತರ ಕೈಯಲ್ಲಿ ಎಷ್ಟು ಮನೆಗಳಿವೆ? ಅವರು ವರ್ಷಕ್ಕೆಷ್ಟು ಸಲ ಬದಲಾಗುತ್ತಾರೆ? ನಮಗೆ ದಣಿವಾದರೆ ಎರಡು ದಿನ ಮಗುವನ್ನು ನೋಡಿಕೊಳ್ಳುವವರು ಯಾರು? ನಮ್ಮ ಮೇಲೆ ಯಾರಾದರೂ ಆರೋಪ ಹೊರಿಸಿದರೆ ವಿಚಾರಣೆ ಮುಗಿಯುವವರೆಗೆ ನೀವು ಏನು ಮಾಡುತ್ತೀರಿ? ಈಗಾಗಲೇ ನಿಮ್ಮ ಮೂಲಕ ಸಾಕುತ್ತಿರುವ ಇಬ್ಬರೊಡನೆ ಮಾತಾಡಲು ಬಿಡುತ್ತೀರಾ? ಈ ಕೊನೆಯ ಪ್ರಶ್ನೆಗೆ ಮುಖ ಸಣ್ಣಗೆ ಮಾಡುವ ಸೇವೆಯಿಂದ ದೂರವಿರುವುದೇ ಒಳ್ಳೆಯದು.

ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆಯೇ ಇಂಗ್ಲೆಂಡಿನ ಈ ಸೇವೆಗಳನ್ನೂ ತಪಾಸಣೆ ಮಾಡುತ್ತದೆ. ವರದಿಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಮೊದಲ ಪುಟದ ದರ್ಜೆಯನ್ನಷ್ಟೇ ನೋಡದೆ ಒಳಗಿನ ದೂರುಗಳನ್ನೂ ಓದಬೇಕು. ಮನೆಯ ಊಟದ ಪದ್ಧತಿಯನ್ನೂ ಮೊದಲೇ ಹೇಳಬೇಕು. ಸಸ್ಯಾಹಾರಿಗಳ ಮನೆಗೆ ಮಾಂಸ ತಿಂದು ಬೆಳೆದ ಮಗು ಬಂದರೆ ಏನು ಮಾಡುವುದು ಎಂಬುದನ್ನು ಮಗು ಊಟಕ್ಕೆ ಕೂತ ಮೇಲೆ ಚರ್ಚಿಸಲಾಗದು. ಮಗುವಿನ ಧರ್ಮ, ಭಾಷೆ, ಸಂಸ್ಕೃತಿಗಳನ್ನು ಗಮನದಲ್ಲಿಡಬೇಕೆಂದು ಅಲ್ಲಿನ 1989ರ ಕಾಯ್ದೆ ಹೇಳುತ್ತದೆ.

ಇನ್ನು ಮೊಮ್ಮಗನ ಓದು. ಅವನಿಗೆ ಇನ್ನೆರಡು ವರ್ಷದಲ್ಲಿ ದೊಡ್ಡ ಪರೀಕ್ಷೆ. ಒಪ್ಪಿಗೆ ಕೊಡುವ ಮುನ್ನ ಹಲವು ತಿಂಗಳು ಪರಿಶೀಲನೆ ನಡೆಯುತ್ತದೆ: ಪೊಲೀಸ್ ದಾಖಲೆ, ವೈದ್ಯರ ವರದಿ, ತರಬೇತಿ, ಮನೆಯವರೆಲ್ಲರೊಡನೆ ಮಾತುಕತೆ. ಅದರಲ್ಲಿ ಮನೆಯ ಮಕ್ಕಳನ್ನೂ ಕೇಳುತ್ತಾರೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಇಂಥ ಮಾತು ಬಂದರೆ ‘ಅಪ್ಪ ಅಮ್ಮ ಬೇಜಾರು ಮಾಡಿಕೊಂಡಾರು’ ಎಂದು ಹೂಂಗುಟ್ಟಬೇಡಿ. ನಿಮ್ಮ ಅಮ್ಮನ ಸಮಯವನ್ನು ಹಂಚಿಕೊಳ್ಳುವವರು ನೀವು. ಬಂದ ಮಗು ನಿಮ್ಮ ಪುಸ್ತಕ ಹರಿಯಬಹುದು, ಸುಳ್ಳು ಹೇಳಬಹುದು, ನೀವು ಪ್ರೀತಿಸತೊಡಗಿದ ಮೇಲೆ ಹೊರಟೂ ಹೋಗಬಹುದು. ಈಗ ಬೇಡ, ಪರೀಕ್ಷೆ ಮುಗಿಯಲಿ ಎನ್ನಿಸಿದರೆ ಹಾಗೆಯೇ ಹೇಳಿ. ಅದು ಸ್ವಾರ್ಥವಲ್ಲ. ಅರೆಮನಸ್ಸಿನ ಮನೆಗೆ ಬಂದು, ಎರಡು ತಿಂಗಳಲ್ಲಿ ಮತ್ತೆ ಗಂಟು ಕಟ್ಟುವ ಮಗುವಿನ ನೋವು ಅದಕ್ಕಿಂತ ದೊಡ್ಡದು. ಮನೆಯ ಮಕ್ಕಳ ಮಾತಿಗೆ ಬೆಲೆ ಕೊಡುವ ಸೇವೆಯೇ ಒಳ್ಳೆಯ ಸೇವೆ.

ಇದನ್ನೋದಿ ನಮ್ಮೂರಲ್ಲೇ ಹೀಗೆ ಮಾಡಬಹುದೇ ಎಂದು ಕೆಲವರಿಗೆ ಅನ್ನಿಸಬಹುದು. ಮಾಡಬಹುದು. ನಮ್ಮ 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಇದಕ್ಕೆಂದೇ ಇದೆ. ಇಲ್ಲಿ ಏಜೆನ್ಸಿ ಹುಡುಕುವ ಗೊಡವೆಯಿಲ್ಲ. ಕೇಳಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು. ಮಗುವನ್ನು ಒಪ್ಪಿಸುವುದು ಮಕ್ಕಳ ಕಲ್ಯಾಣ ಸಮಿತಿ. ಸಮಿತಿ ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. 2022ರ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಲಾಗಿದೆ. 2024ರ ಮಾರ್ಗಸೂಚಿಯಂತೆ 35 ದಾಟಿದ ಒಂಟಿ ವ್ಯಕ್ತಿಗಳೂ ಮುಂದೆ ಬರಬಹುದು; ಒಂಟಿ ಗಂಡಸಿಗೆ ಗಂಡು ಮಗುವನ್ನು ಮಾತ್ರ ಕೊಡುತ್ತಾರೆ. ‘ಒಂದು ಮಗುವಿದೆ, ಸಾಕಿಕೊಳ್ಳಿ’ ಎಂದು ನರ್ಸಿಂಗ್ ಹೋಮಿನಲ್ಲೋ ಫೋನಿನಲ್ಲೋ ಯಾರಾದರೂ ಹೇಳಿದರೆ ನಂಬಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಕೊನೆಗೆ, ಅಮ್ಮ, ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ‘ಆ ಮಗು ನನ್ನನ್ನು ಏನೆಂದು ಕರೆಯಬೇಕು?’ ಎಂದು ಕೇಳಿದ್ದೀರಿ. ಮನಸ್ಸು ಆಗಲೇ ಅರ್ಧ ಒಪ್ಪಿದೆ ಎಂದಾಯಿತು. ಅದನ್ನು ಮಗುವಿಗೇ ಬಿಡಿ. ಅದಕ್ಕೆ ಒಬ್ಬ ಅಜ್ಜಿ ಆಗಲೇ ಇರಬಹುದು. ನೀವು ಮಗನಿಗೆ ಹೇಳಬೇಕಾದದ್ದು ಇಷ್ಟೇ: ಹೆಚ್ಚು ಕೊಡುವವರನ್ನೂ ಹುಡುಕಬೇಡ, ಹತ್ತಿರದ ಕಚೇರಿ ಎಂದೂ ಸುಮ್ಮನೆ ಒಪ್ಪಬೇಡ, ಮಗು ಬಂದ ಮೇಲೂ ಬಾಗಿಲು ತಟ್ಟುವವರು ಯಾರೋ, ಅವರ ಬಳಿ ಹೋಗು.