ಮೀನಿನ ಹೆಸರೂ ಮೀನಿನ ಅಡುಗೆಯೂ

ಕರಾವಳಿಯ ಮೀನುಗಾರಿಕೆಯ ಪದಗಳನ್ನು ಸಂಗ್ರಹಿಸುವಾಗ ಹೆಸರುಗಳ ಪಟ್ಟಿಯಷ್ಟಕ್ಕೇ ತೃಪ್ತರಾಗುವುದು ಸಮರ್ಪಕ ಕ್ರಮವಲ್ಲ. ತುಳುವಿನ ಬೂತಾಯಿ ಕುಂದಾಪುರದ ಕನ್ನಡದಲ್ಲಿ ಬೈಗೆ, ಕಾರವಾರದ ಕಡೆ ತಾರ್ಲೆ ಎಂಬುದು ಪಟ್ಟಿಯಿಂದ ತಿಳಿಯುತ್ತದೆ. ಆದರೆ ಅದು ಎಣ್ಣೆಯಂಶ ಹೆಚ್ಚಿರುವ, ಬೇಗನೆ ಹೊಟ್ಟೆ ಒಡೆದು ಕೆಡುವ ಮೀನು. ಬಲೆಯಿಂದ ಬಿಡಿಸಿದ ದಿನವೇ ಒಲೆ ಸೇರಬೇಕು. ಉತ್ತರ ಕನ್ನಡದ ಮನೆಗಳಲ್ಲಿ ತಾರ್ಲೆ, ಬಂಗಡೆಗಳ ಸಾರಿಗೆ ಜುಮ್ಮನಕಾಯಿಯನ್ನು ಹಾಕುವುದು ಈ ಜಿಡ್ಡಿನ ವಾಸನೆಯನ್ನು ತಗ್ಗಿಸಲೆಂದೇ. ಜುಮ್ಮನಕಾಯಿಯನ್ನು ‘ಒಂದು ಬಗೆಯ ಸಾಂಬಾರ ಪದಾರ್ಥ’ ಎಂದು ಬರೆದು ಮುಗಿಸಿದರೆ ಈ ಸಂಬಂಧವೇ ಅಳಿಸಿಹೋಗುತ್ತದೆ.

ಇಲ್ಲಿ ವಕ್ತೃಗಳ ಆಯ್ಕೆಯ ಪ್ರಶ್ನೆಯೂ ಇದೆ. ಕ್ಷೇತ್ರಕಾರ್ಯದ ಪ್ರಶ್ನಾವಳಿ ಸಾಮಾನ್ಯವಾಗಿ ದಕ್ಕೆಯಲ್ಲಿ, ಗಂಡಸರೆದುರು ತೆರೆದುಕೊಳ್ಳುತ್ತದೆ. ದೋಣಿ, ಬೀಸುಬಲೆಗಳ ಮಾತು ಅಲ್ಲಿ ಸಿಗುವುದು ನಿಜ. ಕಿವಿರಿನ ಕೆಂಪು ನೋಡಿ ತಾಜಾತನ ಅಳೆಯುವ, ಹುಣಸೆಯ ಪ್ರಮಾಣ ನಿರ್ಧರಿಸುವ, ಮಣ್ಣಿನ ಮಡಕೆಯ ಸಾರನ್ನು ಮರುದಿನದ ಗಂಜಿಗೆ ಉಳಿಸುವ ಮಾತು ಮಾತ್ರ ಹೆಂಗಸರಲ್ಲಿದೆ. ಪೇಟೆಯಲ್ಲೇ ಹುರುಪೆ ಕೆರೆದು ತುಂಡುಮಾಡಿದ ಮೀನು ಮನೆಗೆ ಬರತೊಡಗಿದಂತೆ ಆ ಮಾತಿಗೆ ಸಂದರ್ಭವೇ ಇಲ್ಲವಾಗುತ್ತಿದೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಬಳಿಕ ರಂಪಣಿ ಬಲೆಯೊಂದಿಗೆ ಅದನ್ನು ಎಳೆಯುವವರ ನುಡಿಯೂ ಹಿಂದೆ ಸರಿಯಿತು. ಅಡುಗೆಮನೆಯ ನುಡಿಯನ್ನಾದರೂ ಕೇಳಿ ಬರೆದುಕೊಳ್ಳಲು ವಯಸ್ಸಾದ ಹೆಂಗಸರು ಇನ್ನೂ ಇದ್ದಾರೆ.