ಹಿತ್ತಿಲ ಹಕ್ಕಿಗಳ ಚರ್ಮರೋಗವೂ ನಮ್ಮ ಕರ್ತವ್ಯವೂ

ಬೇಸಗೆ ಬಂದೊಡನೆ ಮನೆಯ ಪಾಗಾರದ ಮೇಲೆ ಹಕ್ಕಿಗಳಿಗಾಗಿ ಮಣ್ಣಿನ ಬಟ್ಟಲಲ್ಲಿ ನೀರಿಡುವ ಪದ್ಧತಿಯು ನಮ್ಮ ಪೇಟೆಗಳಲ್ಲಿ ಬೆಳೆದುಬಂದಿದೆ. ಇದು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬಟ್ಟಲಿಗೆ ಬಂದ ಪಿಕಳಾರದ ಕಣ್ಣಿನ ಸುತ್ತ ಗಂಟುಗಳಿದ್ದರೆ, ಗುಬ್ಬಿಯ ಕಾಲಿನಲ್ಲಿ ಹುರುಪೆ ಕಟ್ಟಿದ್ದರೆ, ಅದನ್ನು ಕಂಡ ಗೃಹಸ್ಥನು ಏನು ಮಾಡತಕ್ಕದ್ದು? ಯಾರಿಗೆ ತಿಳಿಸತಕ್ಕದ್ದು? ಅಲ್ಪವೆಂದು ತೋರುವ ಈ ಪ್ರಶ್ನೆಯನ್ನು ಅಧಿಕಾರಿಗಳೂ ನಾಗರಿಕರೂ ಒಮ್ಮೆ ಆಲೋಚಿಸುವುದು ಒಳ್ಳೆಯದು.

ಹಕ್ಕಿಗಳ ಚರ್ಮರೋಗಗಳಲ್ಲಿ ಮುಖ್ಯವಾದುದು ಸಿಡುಬು. ಇದು ವೈರಾಣುವಿನಿಂದ ಬರುತ್ತದೆ. ಕೊಕ್ಕಿನ ಬುಡ, ಕಣ್ಣಿನ ರೆಪ್ಪೆ, ಕಾಲು ಮೊದಲಾದ ಪುಕ್ಕವಿಲ್ಲದ ಭಾಗಗಳಲ್ಲಿ ನರೂಲಿಯಂತಹ ಗಂಟುಗಳೇಳುತ್ತವೆ. ಅನೇಕ ಹಕ್ಕಿಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಕಣ್ಣು ಮುಚ್ಚಿಹೋದುವು, ಬಾಯೊಳಗೆ ಹುಣ್ಣಾದುವು ಮಾತ್ರ ಆಹಾರ ಕಾಣದೆ ಸಾಯುತ್ತವೆ. ಎರಡನೆಯದು ನುಸಿಯ ಬಾಧೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಕಾಲಿನ ಚರ್ಮವನ್ನು ಕೊರೆದು, ಸುಣ್ಣ ಬಳಿದಂತೆ ಬಿಳಿಯ ಹುರುಪೆಯನ್ನುಂಟುಮಾಡುತ್ತವೆ. ತಲೆಯ ಪುಕ್ಕ ಉದುರಿದ ಹಕ್ಕಿಯೆಲ್ಲವೂ ರೋಗಿಯೆಂದು ಭಾವಿಸಲಾಗದು. ವರ್ಷಕ್ಕೊಮ್ಮೆ ಪುಕ್ಕ ಬದಲಾಗುವಾಗಲೂ ಹಾಗಾಗುವುದುಂಟು.

ಕಾಪುವಿನ ಮಾರಿಗುಡಿಯ ಸೀಮೆಯವರಾದ ನಮಗೆ ಸಿಡುಬೆಂಬ ಹೆಸರೇ ಒಂದು ಕಾಲಕ್ಕೆ ಭೀತಿಯನ್ನುಂಟುಮಾಡುತ್ತಿತ್ತು. ಮನುಷ್ಯರ ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಹಕ್ಕಿಗಳ ಸಿಡುಬು ಬೇರೆ. ಅದು ಮನುಷ್ಯರಿಗೆ ತಗಲುವುದಿಲ್ಲ. ಆದುದರಿಂದ ಗಾಬರಿಗೆ ಕಾರಣವಿಲ್ಲ. ಆದರೆ ಅಲಕ್ಷ್ಯಕ್ಕೂ ಅದು ಕಾರಣವಾಗಕೂಡದು.

ಏಕೆಂದರೆ ಈ ರೋಗವನ್ನು ಹರಡುವ ಮುಖ್ಯ ಸಾಧನವು ಸೊಳ್ಳೆ. ಗಂಟಿನ ಮೇಲೆ ಕುಳಿತ ಸೊಳ್ಳೆಯು ತನ್ನ ಮೂತಿಯಲ್ಲಿ ವೈರಾಣುವನ್ನು ಹೊತ್ತು ಇನ್ನೊಂದು ಹಕ್ಕಿಗೆ ಮುಟ್ಟಿಸುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಕರಾವಳಿಯಲ್ಲಿ ಸೊಳ್ಳೆಗೆ ಕೊರತೆಯೆಲ್ಲಿ? ಕಾರ್ಕಳದ ಕಡೆಯ ರಬ್ಬರು ತೋಟಗಳಲ್ಲಿ ಹಾಲು ಹಿಡಿಯುವ ಗೆರಟೆ, ಅಡಕೆ ತೋಟದ ಹಾಳೆ, ಪೇಟೆಯಲ್ಲಿ ಕುಡಿದೆಸೆದ ಬೊಂಡ, ಇವೆಲ್ಲವೂ ಅದರ ತವರುಗಳು. ಮಲೇರಿಯಾ, ಡೆಂಗಿಗಳನ್ನು ತಡೆಯಲು ನಾವು ಮಾಡುವ ನೈರ್ಮಲ್ಯವೇ ಹಕ್ಕಿಗೂ ರಕ್ಷೆ. ದಿನಗಟ್ಟಲೆ ನೀರು ಬದಲಿಸದೆ ಬಿಟ್ಟ ನಮ್ಮ ದಾನದ ಬಟ್ಟಲೂ ಸೊಳ್ಳೆಯ ತವರಾಗಬಹುದೆಂಬುದನ್ನು ಮರೆಯಲಾಗದು. ಚರ್ಮದ ಗಾಯದ ಮೂಲಕವೂ ಸಿಡುಬು ಒಳಹೊಗುವುದರಿಂದ, ಊರಿಂದೂರಿಗೆ ಹುಂಜಗಳನ್ನೊಯ್ಯುವ ಕೋಳಿ ಅಂಕಗಳು ಸಾಕುಕೋಳಿಗಳಲ್ಲಿ ರೋಗ ಹರಡಲು ಅನುಕೂಲವಾಗುತ್ತವೆ.

ಅಲಕ್ಷ್ಯದ ಫಲವೇನೆಂಬುದಕ್ಕೆ ಹವಾಯಿ ದ್ವೀಪಗಳೇ ಸಾಕ್ಷಿ. 1826ರ ಸುಮಾರಿಗೆ ಹಡಗುಗಳಿಂದ ಅಲ್ಲಿಗೆ ಸೊಳ್ಳೆ ಬಂದಿತು. ಕಾಲಕ್ರಮದಲ್ಲಿ ಹಕ್ಕಿಗಳ ಸಿಡುಬೂ ಮಲೇರಿಯಾವೂ ಹರಡಿ, ಬೇರೆಲ್ಲೂ ಇಲ್ಲದ ಹಲವು ಹಕ್ಕಿಗಳ ಕುಲನಾಶಕ್ಕೆ ಕಾರಣಗಳಾದುವು. ಎಚ್ಚರದ ಫಲಕ್ಕೆ ಇಂಗ್ಲೆಂಡು ನಿದರ್ಶನ. ಅಲ್ಲಿನ ಆಗ್ನೇಯ ಭಾಗದಲ್ಲಿ 2006ರಿಂದ ತೋಟದ ಚೇಕಡಿ ಹಕ್ಕಿಗಳಲ್ಲಿ ದೊಡ್ಡ ಗಂಟುಗಳು ಕಾಣಿಸಿಕೊಂಡಾಗ, ಸಾಮಾನ್ಯ ಗೃಹಸ್ಥರು ಕಳುಹಿದ ವರದಿಗಳಿಂದಲೇ ವಿದ್ವಾಂಸರು ರೋಗದ ಹಬ್ಬುಗೆಯನ್ನು ಗುರುತಿಸಿದರು.

ಇಂತಹ ಎಚ್ಚರವು ನಮ್ಮ ನಾಡಿಗೆ ಹೊಸದೇನಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದುದರಿಂದಲ್ಲವೆ ಮಂಗನ ಕಾಯಿಲೆಯ ಸುಳಿವು ದೊರೆತದ್ದು? ಇಂದು ಮಲೆನಾಡಿನಲ್ಲಿ ಸತ್ತ ಮಂಗವನ್ನು ಕಂಡವರು ಇಲಾಖೆಗೆ ತಿಳಿಸುತ್ತಾರೆ. ಕಾಡುಪ್ರಾಣಿಯ ಬೇನೆಯು ಊರಿಗೆ ಮುಂದಾಗಿ ಬರುವ ವರ್ತಮಾನವೆಂಬ ಪಾಠವನ್ನು ಮಂಗನ ವಿಷಯದಲ್ಲಿ ಕಲಿತವರು ಹಕ್ಕಿಯ ವಿಷಯದಲ್ಲಿ ಮರೆಯುವುದು ಯುಕ್ತವೆ?

ಇಲ್ಲಿ ಆಡಳಿತದ ತೊಡಕೊಂದುಂಟು. ಪಶುವೈದ್ಯ ಇಲಾಖೆಯವರ ಮುಖ್ಯ ಹೊಣೆ ದನ, ಕೋಳಿಗಳದು. ಕಾಡುಹಕ್ಕಿಯು ಅರಣ್ಯ ಇಲಾಖೆಗೆ ಸೇರಿದುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಹಿಡಿದು ಸಾಕುವಂತಿಲ್ಲ. ವನ್ಯಪ್ರಾಣಿ ಕೈಸೇರಿದವನು ನಾಲ್ವತ್ತೆಂಟು ಗಂಟೆಗಳೊಳಗಾಗಿ ಪೋಲೀಸು ಠಾಣೆಗಾಗಲಿ ಅಧಿಕೃತ ಅಧಿಕಾರಿಗಾಗಲಿ ತಿಳಿಸಬೇಕು. ಕಾನೂನು ಸರಿಯೇ. ಆದರೆ ಮರದ ಮೇಲೆ ಕುಳಿತ ರೋಗಿ ಹಕ್ಕಿಯ ವರ್ತಮಾನವನ್ನು ಬರೆದಿಡುವ ಪುಸ್ತಕ ಯಾರ ಮೇಜಿನ ಮೇಲಿರಬೇಕು? ಜಿಲ್ಲಾಡಳಿತವು ಎರಡು ಇಲಾಖೆಗಳನ್ನೂ ಕೂಡಿಸಿ, ತಾಲೂಕಿಗೊಬ್ಬ ಅಧಿಕಾರಿಯನ್ನು ಇದಕ್ಕಾಗಿ ಹೆಸರಿಸಿದರೆ ಸಾಕು. ಹೊಸ ಕಚೇರಿಯೂ ಬೇಡ, ಹೆಚ್ಚಿನ ಹಣವೂ ಬೇಡ. ವಿದ್ಯಾಕೇಂದ್ರವಾದ ಮಣಿಪಾಲದ ಪಕ್ಷಿವೀಕ್ಷಕರು ಈ ಕಾರ್ಯಕ್ಕೆ ಕೈಗೂಡಿಸಬಲ್ಲರು. ಹಳ್ಳಿಯ ಕೋಳಿಗಳಿಗೆ ಸಿಡುಬಿನ ಲಸಿಕೆಯುಂಟು. ಅದನ್ನು ಕಾಲಕ್ಕೆ ಸರಿಯಾಗಿ ಹಾಕಿಸತಕ್ಕದ್ದು.

ಉಳಿದುದು ನಮ್ಮ ಪಾಲಿನದು. ಬಟ್ಟಲ ನೀರನ್ನು ನಿತ್ಯವೂ ಚೆಲ್ಲಿ ಹೊಸದನ್ನು ತುಂಬಬೇಕು. ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ರೋಗಿ ಹಕ್ಕಿ ಕಂಡರೆ ಕೆಲವು ವಾರಗಳ ಮಟ್ಟಿಗೆ ಕಾಳು ನೀರುಗಳನ್ನಿಡುವುದನ್ನು ನಿಲ್ಲಿಸಬೇಕು. ಹಕ್ಕಿಗಳು ಚೆದರಿದರೆ ಅಂಟು ಕಡಿಮೆಯಾಗುವುದು. ಸತ್ತುದನ್ನು ಬರಿಗೈಯಿಂದ ಮುಟ್ಟಲಾಗದು. ದಯೆಯಿಂದ ಇಟ್ಟ ನೀರು ರೋಗದ ನೀರಾಗದಂತೆ ನೋಡಿಕೊಳ್ಳುವುದೂ ದಯೆಯ ಭಾಗವೇ. ಮಳೆಗಾಲಕ್ಕೆ ಮುಂಚಿತವಾಗಿಯೇ ಅಧಿಕಾರಿಗಳು ಈ ವಿಷಯದಲ್ಲಿ ಗಮನವೀಯುವರೆಂದು ಹಾರೈಸುತ್ತೇವೆ.