ಕಾಲಿನದೇನು ತಪ್ಪು?

ಕಾಮಗೆರೆಯಲ್ಲಿ ಬೆಳಗಿನ ಬಸ್ಸು ಹತ್ತಿ ಕೊಳ್ಳೇಗಾಲಕ್ಕೂ, ಅಲ್ಲಿಂದ ಮುಂದೆ ಬದನಗುಪ್ಪೆ, ನಂಜನಗೂಡುಗಳ ಕಾರ್ಖಾನೆಗಳಿಗೂ ದುಡಿಯಲು ಹೋಗುವವರ ಕಾಲುಗಳನ್ನು ನಮ್ಮ ವಾಚಕರು ಒಮ್ಮೆ ಗಮನವಿಟ್ಟು ನೋಡಬೇಕು. ಬೂಟು ಚೀಲದಲ್ಲಿರುತ್ತದೆ, ಕಾಲಿನಲ್ಲಿರುವುದು ಹವಾಯಿ ಚಪ್ಪಲಿ. ಕಾರ್ಖಾನೆಯ ಗೇಟಿನ ಬಳಿ ಬೂಟನ್ನು ಮೆಟ್ಟುತ್ತಾರೆ, ಪಾಳಿ ಮುಗಿದೊಡನೆ ಅದೇ ಗೇಟಿನ ಬಳಿ ಕಿತ್ತೆಸೆದಂತೆ ಕಳಚುತ್ತಾರೆ. ಕಿರುಬೆರಳಿನ ಮೇಲೆ ಆಣಿ, ಹಿಮ್ಮಡಿಯಲ್ಲಿ ಗುಳ್ಳೆ, ಹೆಬ್ಬೆರಳಿನ ಬುಡದಲ್ಲಿ ಊತ. ಏಕೆಂದು ಕೇಳಿದರೆ ನಮಗೆ ಸಿಕ್ಕುವ ಉತ್ತರ ಒಂದೇ: "ನನ್ನ ಕಾಲೇ ಸರಿಯಿಲ್ಲ ಸ್ವಾಮಿ, ಯಾವ ಬೂಟೂ ಆಗೋದಿಲ್ಲ."

ಈ ಉತ್ತರವನ್ನು ನಾವು ಒಪ್ಪಲಾರೆವು. ಕೂಲಿ ಸಾಲದೆ ಹೋದರೆ ದುಡಿಯುವವನು ತನ್ನ ಹಣೆಬರಹವನ್ನು ಹಳಿದುಕೊಳ್ಳುತ್ತಿದ್ದ ಕಾಲವೊಂದಿತ್ತು. ಸಂಘ ಕಟ್ಟಿದ ಮೇಲೆ ಆ ಮಾತು ನಿಂತಿತು. ಆದರೆ ಬೂಟು ಕಚ್ಚಿದರೆ ಮಾತ್ರ ಅವನು ಇಂದಿಗೂ ತನ್ನ ಕಾಲನ್ನೇ ಹಳಿದುಕೊಳ್ಳುತ್ತಿದ್ದಾನೆ. ಕಾಲಿನದೇನು ತಪ್ಪು? ಚಿಕ್ಕಂದಿನಿಂದ ಬರಿಗಾಲಿನಲ್ಲಿ ಹೊಲ ಗದ್ದೆ ತುಳಿದು, ದೀಪಾವಳಿ ಶಿವರಾತ್ರಿಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗಿಬಂದ ಪಾದ ಅದು. ಬರಿಗಾಲಿನಲ್ಲಿ ಬೆಳೆದವರ ಪಾದದ ಮುಂಭಾಗ ಅಗಲವಾಗಿರುತ್ತದೆ, ಬೆರಳುಗಳು ಬಿಡಿಬಿಡಿಯಾಗಿರುತ್ತವೆ, ದೇಹದ ಭಾರವನ್ನು ಇಡೀ ಪಾದ ಹಂಚಿಕೊಂಡು ಹೊರುತ್ತದೆ. ಇದು ಆರೋಗ್ಯವಂತ ಪಾದದ ಲಕ್ಷಣವೇ ಹೊರತು ಊನವಲ್ಲ.

ತಪ್ಪಿರುವುದು ಅಚ್ಚಿನಲ್ಲಿ. ಬೂಟನ್ನು ಹೊಲಿಯುವುದು ಪಾದದ ಆಕಾರದ ಒಂದು ಅಚ್ಚಿನ ಮೇಲೆ. ಡಬ್ಬದ ಮೇಲಿರುವ 7, 8, 9 ಎಂಬ ಸಂಖ್ಯೆಗಳು ಇಂಗ್ಲಿಷರಿಂದ ಬಂದವು. ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ಅಂತರ ಅಂಗುಲದ ಮೂರನೆಯ ಒಂದು ಪಾಲು. ಅಂದರೆ ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ಅಳತೆಗೆ ಬಳಸುತ್ತಿದ್ದ ಒಂದು ಬಾರ್ಲಿ ಕಾಳಿನ ಉದ್ದ. ಬಾರ್ಲಿ ಕಾಳಿನಿಂದ ರಾಗಿ ಹೊಲದ ಕಾಲನ್ನು ಅಳೆಯುತ್ತ ಬಂದಿದ್ದೇವೆ! ಅದೂ ಉದ್ದವನ್ನು ಮಾತ್ರ. ಅಗಲದ ಸಂಖ್ಯೆ ನಮ್ಮ ಊರುಗಳಲ್ಲಿ ಮಾರಾಟವಾಗುವ ಡಬ್ಬಗಳ ಮೇಲೆ ಕಾಣುವುದೇ ಅಪರೂಪ.

ಇದು ನಮ್ಮ ಪಕ್ಷದ ಕಲ್ಪನೆಯೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದು ನೋಡಿದರು. ಭಾರತೀಯರ ಪಾದ ಯೂರೋಪು ಅಮೆರಿಕದವರ ಪಾದಕ್ಕಿಂತ ಅಗಲವೆಂದು ಕಂಡುಬಂತು. ಅಗಲ ಸಾಲದೆಂದು ಜನ ಉದ್ದದ ಬೂಟನ್ನು ಕೊಂಡು ಮೆಟ್ಟುತ್ತಿರುವುದೂ ಕಂಡುಬಂತು. ಅವರು 'ಭಾ' ಎಂಬ ಹೆಸರಿನಲ್ಲಿ ಎಂಟು ಅಳತೆಗಳ ಸ್ವದೇಶಿ ಪದ್ಧತಿಯೊಂದನ್ನು ಶಿಫಾರಸು ಮಾಡಿದರು. ಸ್ವಾತಂತ್ರ್ಯ ಬಂದು 75 ವರ್ಷಗಳ ಮೇಲೆ ಸರ್ಕಾರಕ್ಕೆ ಪ್ರಜೆಯ ಕಾಲಿನ ನೆನಪಾಯಿತು, ಸಂತೋಷ. ಆದರೆ ಬೂಟಿನ ಡಬ್ಬಗಳ ಮೇಲೆ ಹಳೆಯ ಸಂಖ್ಯೆಗಳೇ ಕುಳಿತಿವೆ.

ಅಗಲ ಸಾಲದೆಂದು ದೊಡ್ಡ ಸಂಖ್ಯೆಯನ್ನು ಕೊಳ್ಳುವುದರಿಂದ ಆಗುವುದೇನು? ಅಗಲ ಹೆಚ್ಚುವುದು ಕೂದಲೆಳೆಯಷ್ಟು, ಉದ್ದ ಹೆಚ್ಚುವುದು ಬೆರಳಷ್ಟು. ಬೂಟು ಬಾಗುವ ಜಾಗ ಒಂದು ಕಡೆ, ಪಾದ ಬಾಗುವ ಜಾಗ ಇನ್ನೊಂದು ಕಡೆ. ಹಿಮ್ಮಡಿ ಒಳಗೆ ಜಾರುತ್ತದೆ, ತುದಿ ಮೆಟ್ಟಿಲಿಗೆ ತಾಗುತ್ತದೆ. ರೇಷ್ಮೆಗೂಡನ್ನು ಬೇಯಿಸಿ ನೂಲು ತೆಗೆಯುವ ಕಡೆ ಬಿಸಿನೀರಿನ ಬಾನಿಗಳ ನಡುವೆ, ನೆಂದ ನೆಲದ ಮೇಲೆ ಎಡವಿದರೆ ಗತಿಯೇನು? ಕಲ್ಲು ಕುಯ್ಯುವ ಕಡೆ ಎಡವಿದರೆ ಗತಿಯೇನು? ಆಗ ಬರೆಯುವ ವರದಿಯಲ್ಲಿ "ಕೆಲಸಗಾರನ ಅಜಾಗರೂಕತೆ" ಎಂದಿರುತ್ತದೆ. ಬೂಟಿನ ಅಜಾಗರೂಕತೆಯನ್ನು ಬರೆಯುವವರು ಯಾರು?

ಉಕ್ಕಿನ ಟೋಪಿಯಿರುವ ಬೂಟಿನ ಸಂಗತಿ ಇನ್ನೂ ಗಂಭೀರವಾದುದು. ಐ.ಎಸ್. 15298 ಎಂಬ ನಮ್ಮ ದೇಶದ ಮಾನಕದಂತೆ ಸುರಕ್ಷಾ ಬೂಟಿನ ಟೋಪಿ 200 ಜೌಲ್ ಪೆಟ್ಟನ್ನು ತಾಳಬೇಕು. ಅಂದರೆ ಸುಮಾರು 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ಬೆರಳುಳಿಸುವ ಬೂಟು ಅದು, ಬೇಡವೆನ್ನುವವರು ನಾವಲ್ಲ. ಆದರೆ "ನಾಲ್ಕು ದಿನ ಮೆಟ್ಟಿದರೆ ಸಡಿಲವಾಗುತ್ತದೆ" ಎಂಬ ಮಾತು ಇಲ್ಲಿ ಸಲ್ಲದು. ಚರ್ಮ ಹಿಗ್ಗೀತು, ಉಕ್ಕು ಹಿಗ್ಗುವುದಿಲ್ಲ. ಮೊದಲ ದಿನ ಒತ್ತಿದ ಟೋಪಿ ಕೊನೆಯ ದಿನದವರೆಗೂ ಒತ್ತುತ್ತದೆ. ನೋವು ತಾಳಲಾರದೆ ಬೂಟನ್ನು ಮೂಲೆಗಿಟ್ಟ ದಿನವೇ ತೂಕ ಕಾಲಿನ ಮೇಲೆ ಬಿದ್ದೀತು. ಹೆಣ್ಣುಮಕ್ಕಳಿಗೆ ಗಂಡಸರ ಅಚ್ಚಿನ ಚಿಕ್ಕ ಸಂಖ್ಯೆಯನ್ನು ಕೊಟ್ಟು ಕೈ ತೊಳೆದುಕೊಳ್ಳುವ ಪದ್ಧತಿಯೂ ಇದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗಂತೂ ಬೂಟು ಕಚ್ಚಿದ್ದೇ ತಿಳಿಯುವುದಿಲ್ಲ. ಹುಣ್ಣಾದ ಮೇಲೆ ತಿಳಿಯುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬಡವನಿಗೆ ಬುದ್ಧಿ ಹೇಳುವವರು ಬಹಳ. ಹಾಸಿಗೆ ಚಿಕ್ಕದಾದರೆ ಕಾಲು ಮಡಿಸಿ ಮಲಗಬಹುದು. ಬೂಟು ಚಿಕ್ಕದಾದರೆ ಕಾಲನ್ನು ಮಡಿಸುವುದೆಲ್ಲಿ?

ಧಣಿಗಳಿಗೆ ನಮ್ಮ ಮಾತು ಸ್ಪಷ್ಟ. 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ಕೆಲಸಗಾರನಿಂದ ಹಣ ವಸೂಲು ಮಾಡಕೂಡದೆಂದು ಅದರಲ್ಲಿ ಹೇಳಿದೆ. ಆ ಸಂಹಿತೆಯ ಬೇರೆ ಕಲಮುಗಳ ಬಗೆಗೆ ಕಾರ್ಮಿಕ ಸಂಘಗಳಿಗಿರುವ ವಿರೋಧ ಬೇರೆ ಮಾತು. ಇರುವ ಹಕ್ಕನ್ನು ಬಿಡುವುದು ಜಾಣತನವಲ್ಲ. ಬೂಟು ಕೊಡುವುದೆಂದರೆ ಗುಜರಿ ಲೆಕ್ಕದಲ್ಲಿ ನೂರು ಜೊತೆ ತಂದು ಸುರಿಯುವುದಲ್ಲ. ಪ್ರತಿಯೊಬ್ಬರ ಎರಡೂ ಪಾದಗಳ ಉದ್ದಗಲ ಅಳೆದು, ಆಗದಿದ್ದರೆ ಬದಲಿಸಿ ಕೊಡುವುದು. ಸಂಘಗಳು ತಮ್ಮ ಬೇಡಿಕೆ ಪಟ್ಟಿಯಲ್ಲಿ "ಬೂಟು" ಎಂದು ಬರೆಯುವ ಕಡೆ ಇನ್ನು ಮುಂದೆ "ಅಳತೆಯ ಬೂಟು" ಎಂದು ಬರೆಯಲಿ. ಹತ್ತು ಜನರಿಗಿಂತ ಕಡಿಮೆಯಿರುವ ಚಿಕ್ಕ ನೂಲು ಘಟಕಗಳು ಕಾನೂನಿನ ಬಲೆಯ ಹೊರಗುಳಿಯುತ್ತವೆ. ಅಲ್ಲಿಯ ಕಾಲುಗಳೂ ಕಾಲುಗಳೇ ಎಂಬುದನ್ನು ಸರ್ಕಾರ ಮರೆಯಬಾರದು.

ಅಂಗಡಿಯ ಗೆಳೆಯರಿಗೂ ಒಂದು ಮಾತು. 2022ರ ಜನವರಿಯಲ್ಲಿ ಸಾವಿರ ರೂಪಾಯಿಯೊಳಗಿನ ಪಾದರಕ್ಷೆಯ ಮೇಲಿನ ತೆರಿಗೆಯನ್ನು ಶೇಕಡಾ 5ರಿಂದ 12ಕ್ಕೆ ಏರಿಸಿದಾಗ ನೀವೂ ನೊಂದಿರಿ, ಕೊಳ್ಳುವವನೂ ನೊಂದನು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೊತೆಗೆ ಅದು ಮತ್ತೆ 5ಕ್ಕೆ ಇಳಿದಿದೆ. ಇಳಿದದ್ದು ಕೊಳ್ಳುವವನಿಗೆ ತಲುಪಲಿ. ಸಗಟು ವ್ಯಾಪಾರಿಯನ್ನು ಅಗಲದ ಅಚ್ಚಿನ ಮಾಲನ್ನೇ ಕೇಳಿರಿ. ಒಬ್ಬರು ಕೇಳಿದರೆ ನಕ್ಕಾನು, ಹತ್ತು ಅಂಗಡಿಯವರು ಸೇರಿ ಕೇಳಿದರೆ ತರಿಸಿಕೊಟ್ಟಾನು.

ಇನ್ನು ನಮ್ಮ ಚಮ್ಮಾರ ಬಂಧುಗಳು. ಮುಂಚೆ ಕಾಲನ್ನು ನೆಲದ ಮೇಲೆ ಊರಿಸಿ, ಗೆರೆ ಎಳೆದು, ಅದೇ ಕಾಲಿಗೆ ಅದೇ ಜೋಡು ಹೊಲಿದುಕೊಡುತ್ತಿದ್ದವರು ಅವರು. ಕಲ್ಯಾಣದ ಹರಳಯ್ಯನ ಹೆಸರನ್ನು ಭಾಷಣಗಳಲ್ಲಿ ಹೇಳುವ ನಾಡು, ಹರಳಯ್ಯನ ಕಸುಬಿನವರನ್ನು ರಸ್ತೆ ಬದಿಯ ಕೊಡೆಯ ಕೆಳಗೆ ಕೂರಿಸಿದೆ. 1976ರಲ್ಲಿ ಸ್ಥಾಪನೆಯಾದ ರಾಜ್ಯದ ಚರ್ಮ ಕೈಗಾರಿಕಾ ನಿಗಮವಾದ ಲಿಡ್ಕರ್, ಅಗಲದ ಅಚ್ಚುಗಳನ್ನೂ ಹೊಲಿಗೆಯ ಸಣ್ಣ ಯಂತ್ರಗಳನ್ನೂ ತಾಲ್ಲೂಕು ಕೇಂದ್ರಗಳಲ್ಲಿ ಇವರ ಕೈಗೆ ಕೊಡಲಿ. ಕಾರ್ಖಾನೆಗಳು ಇವರಿಂದಲೇ ಕೊಳ್ಳಲಿ. ಡಾ. ಲೋಹಿಯಾ ಅವರು ಸಣ್ಣ ಯಂತ್ರದ ವಾದವನ್ನು ಮುಂದಿಟ್ಟಾಗ ನಕ್ಕವರು, ಸಾವಿರ ಕಾಲಿಗೆ ಒಂದೇ ಅಚ್ಚು ಹಾಕುವ ದೊಡ್ಡ ಯಂತ್ರ ಏನು ಮಾಡಿದೆಯೆಂದು ಈಗ ನೋಡಲಿ.

ಇದೆಲ್ಲ ಆಗುವವರೆಗೆ ಕೊಳ್ಳುವವರು ಕೈಕಟ್ಟಿ ಕೂರಬೇಕಾಗಿಲ್ಲ. ಬೂಟು ಕೊಳ್ಳಲು ಸಂಜೆ ಹೋಗಿ. ದಿನವೆಲ್ಲ ನಿಂತ ಪಾದ ಬೆಳಗಿಗಿಂತ ಊದಿರುತ್ತದೆ. ಹೋಗುವ ಮುನ್ನ ಮನೆಯಲ್ಲಿ ಕಾಗದದ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆಸಿ ಕತ್ತರಿಸಿಕೊಳ್ಳಿ. ಅಂಗಡಿಯಲ್ಲಿ ಬೂಟನ್ನು ಆ ಕಾಗದದ ಮೇಲಿಡಿ. ಕಾಗದ ಬದಿಯಿಂದ ಹೊರಗೆ ಕಂಡರೆ ಆ ಬೂಟು ನಿಮ್ಮದಲ್ಲ. ಎರಡು ಪಾದಗಳಲ್ಲಿ ದೊಡ್ಡದಕ್ಕೆ ಹೊಂದುವುದನ್ನು ಆರಿಸಿ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿ, ಎದ್ದು ನಿಂತು, ಹತ್ತು ಹೆಜ್ಜೆ ನಡೆದು ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗವಿರಲಿ, ಬೆರಳುಗಳು ಒಳಗೆ ಆಡಲಿ, ಹಿಮ್ಮಡಿ ಜಾರದಿರಲಿ. ಸಕ್ಕರೆ ಕಾಯಿಲೆಯವರು ಮೆಟ್ಟುವ ಮುನ್ನ ಪ್ರತಿದಿನ ಬೂಟಿನೊಳಗೆ ಕೈಯಾಡಿಸಿ ನೋಡಲಿ, ರಾತ್ರಿ ಪಾದಗಳನ್ನು ಪರೀಕ್ಷಿಸಲಿ. ನೆಂದ ಬೂಟನ್ನು ಮರುದಿನ ಹಾಗೆಯೇ ಮೆಟ್ಟಬೇಡಿ, ಒಣಗಿಸಿ ಮೆಟ್ಟಿ.

ಆಗದಿದ್ದರೆ ಬೂಟನ್ನು ಕೆಳಗಿಟ್ಟು ಹೇಳಿ: "ನಿಮ್ಮ ಬೂಟು ಸರಿಯಿಲ್ಲ." ಅಂಗಡಿಯಲ್ಲಾಗಲಿ, ಧಣಿಯ ಮುಂದಾಗಲಿ, ತಲೆಯೆತ್ತಿ ಹೇಳಿ. "ನನ್ನ ಕಾಲು ಸರಿಯಿಲ್ಲ" ಎಂಬ ಮಾತು ಇನ್ನು ಸಾಕು. ಈ ನಾಡಿನ ಭಾರವನ್ನು ಹೊತ್ತು ನಿಂತಿರುವ ಕಾಲು ಅದು.